ಹಿಂದೆ ನೋಡುವ ಗಿಳಿ ಮತ್ತು ನಲವತ್ತೆರಡು ಮನೆಗಳ ಆಹೇರಿ

ಆ ವಿಡಿಯೊ ಗೇಮ್ ಕೊನೆಗೂ ಹೊರಬರಲಿಲ್ಲ. ಅದರ ಬೆಲೆ ತೆತ್ತವರು ಗೋಕಾಕದ ಹಳೆಯ ಓಣಿಯೊಂದರಲ್ಲಿ ಮರದ ಗೊಂಬೆಗಳಿಗೆ ಬಣ್ಣ ಬರೆದು ಬದುಕುವ ಒಬ್ಬ ಹೆಣ್ಣುಮಗಳು. ಗೇಮ್ ಕಟ್ಟಲು ಹೊರಟವರು ಬೇರೆ ಕೆಲಸ ಹಿಡಿದರು. ಹಣ ಕೂಡಿಸಿಕೊಟ್ಟ ಜಾಲತಾಣ ತನ್ನ ಪಾಲನ್ನು ಮೊದಲೇ ಮುರಿದುಕೊಂಡಿತ್ತು. ಊರೂರು ತಿರುಗಿ ಜನರನ್ನು ಒಪ್ಪಿಸಿದ ನನಗೆ ಏನೂ ಆಗಲಿಲ್ಲ. ಆ ಹೆಣ್ಣುಮಗಳು ಮಾತ್ರ ಇಂದು ತಮ್ಮ ಅತ್ತೆಯಿಂದ ಕಲಿತ ಗಿಳಿಯನ್ನು ಬರೆಯುವಂತಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಈ ವಿಷಯವನ್ನು ಯಾವ ಸಭೆಯಲ್ಲಿ ಎತ್ತಿದರೂ ಮಾತು ತಂತ್ರಜ್ಞಾನದ ಕಡೆಗೆ, ಹೊಸ ಉದ್ಯಮಗಳ ಕಷ್ಟಸುಖದ ಕಡೆಗೆ ಹೊರಳುತ್ತದೆ. ಆಕೆಯ ವಿಷಯ ಬರುವಷ್ಟರಲ್ಲಿ ಚಹಾದ ಹೊತ್ತಾಗಿರುತ್ತದೆ.

ನಾನು ಓದಿದ್ದು ಅಂಕಪಟ್ಟಿ ಇಲ್ಲದ ಶಾಲೆಯಲ್ಲಿ. ಹುಕ್ಕೇರಿಯಿಂದ ನನ್ನ ತಂದೆ ಬಹು ದೂರ ಒಯ್ದು ನನ್ನನ್ನು ಅಲ್ಲಿ ಸೇರಿಸಿದ್ದರು. ವಾರಕ್ಕೊಮ್ಮೆ ಎಲ್ಲರೂ ದುಂಡಗೆ ಕುಳಿತು, ಆ ವಾರ ಯಾರಿಗೆ ಯಾರಿಂದ ಅನ್ಯಾಯವಾಯಿತು ಎಂಬುದನ್ನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳುವವರು ತಮ್ಮ ಪಾಲಿನ ತಪ್ಪಿನಿಂದಲೇ ಆರಂಭಿಸಬೇಕೆಂಬುದು ಅಲ್ಲಿಯ ಕಟ್ಟುಪಾಡು. ಆ ಅಭ್ಯಾಸವನ್ನು ನಾನು ಬಿಡಲಿಲ್ಲ. ಹೆಣ್ಣುಮಕ್ಕಳ ಕೂಲಿ, ರೇಷನ್ ಕಾರ್ಡು, ಕುಶಲಕರ್ಮಿಗಳ ಗುರುತಿನ ಚೀಟಿ ಎಂದು ಅರ್ಜಿ ಬರೆಯುತ್ತಲೇ ಇಷ್ಟು ವರ್ಷ ಕಳೆದಿವೆ. ಈಗ ಅರ್ಜಿಯ ಮೊದಲ ಸಾಲು ಬರೆಯುವಾಗಲೇ ಬರಲಿರುವ ಉತ್ತರದ ಕೊನೆಯ ಸಾಲು ಕಣ್ಣಿಗೆ ಕಾಣುತ್ತದೆ. ಆದರೂ ಕಟ್ಟುಪಾಡಿನಂತೆ ನನ್ನಿಂದಲೇ ಆರಂಭಿಸುತ್ತೇನೆ.

ಸ್ಟುಡಿಯೋದ ಮೂವರನ್ನು ಆ ಮನೆಗೆ ಕರೆದೊಯ್ದವಳು ನಾನು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮೂವರೂ ಮೂವತ್ತರ ಒಳಗಿನವರು, ವಿನಯವಂತರು. ದೊಡ್ಡ ಊರಿನಲ್ಲಿ ಒಂದು ಕೋಣೆ ಹಿಡಿದು ಗೇಮ್ ತಯಾರಿಸುವ ಕಂಪನಿ ನಡೆಸುತ್ತಿದ್ದರು. ಗೋಕಾಕದ ಗೊಂಬೆಗಳನ್ನೇ ಪಾತ್ರಗಳಾಗಿಸಿ ಒಂದು ಗೇಮ್ ಮಾಡಬೇಕೆಂಬುದು ಅವರ ಆಸೆ. ನನಗೂ ಅದು ಸೊಗಸಾಗಿ ಕಂಡಿತು.

ಆ ಹೆಣ್ಣುಮಗಳನ್ನು ನಾನು ವೈನಿ ಎಂದೇ ಕರೆಯುವುದು. ಹತ್ತು ವರ್ಷದ ಒಡನಾಟದಲ್ಲಿ ಅಣ್ಣನ ಹೆಂಡತಿಯಷ್ಟು ಹತ್ತಿರದವರು. ಹಗುರ ಮರವನ್ನು ಕೆತ್ತಿಸಿ ತಂದು, ಹುಣಸೆಬೀಜದ ಅಂಟಿನಲ್ಲಿ ಬಿಳಿ ಮಣ್ಣು ಕಲೆಸಿ ಬಳಿದು, ಒಣಗಿದ ಮೇಲೆ ಬಣ್ಣ ಬರೆಯುತ್ತಾರೆ. ಬಾಳೆಹಣ್ಣು, ಸೀತಾಫಲ, ಎತ್ತು, ಗಿಳಿ. ಹಣ್ಣುಗಳನ್ನು ಊರಿನಲ್ಲಿ ಬೇರೆಯವರೂ ಮಾಡುತ್ತಾರೆ. ಆದರೆ ಕತ್ತು ಹೊರಳಿಸಿ ತನ್ನ ಬಾಲವನ್ನೇ ನೋಡುವ ಗಿಳಿ ವೈನಿಯ ಮನೆಯದು. ಅದರ ಕಣ್ಣಿನ ಸುತ್ತ ಒಂದೇ ಎಳೆಯಲ್ಲಿ, ಕುಂಚ ಎತ್ತದೆ, ಕರಿಗೆರೆ ಬರೆಯಬೇಕು. ಅವರ ಅತ್ತೆ ಅದನ್ನು ಕಲಿಸಲು ಎರಡು ವರ್ಷ ಕಾಯಿಸಿದ್ದರಂತೆ. "ನಿನ್ನ ಕೈ ಇನ್ನಾ ಗಡಬಡಿ ಮಾಡತೈತಿ, ಸುಮ್ಮ ಬಾಳಿಹಣ್ಣ ಬರಿ" ಎನ್ನುತ್ತಿದ್ದರಂತೆ.

ಸ್ಟುಡಿಯೋದ ಹುಡುಗಿ ಆ ಗಿಳಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದಳು. ಗೇಮಿನ ನಾಯಕ ಅದೇ ಆಯಿತು. ಬಣ್ಣ ಕಳೆದುಕೊಂಡ ಊರಿನಲ್ಲಿ ಗಿಳಿ ಜಲಪಾತ ದಾಟುತ್ತದೆ, ತೂಗುಸೇತುವೆ ದಾಟುತ್ತದೆ, ಒಂದೊಂದೇ ಬಣ್ಣ ಕೂಡಿಸುತ್ತದೆ. ವೈನಿಯ ಕೈ ಕರಿಗೆರೆ ಎಳೆಯುವುದನ್ನು ಚಿತ್ರೀಕರಿಸಿ ಪ್ರಚಾರದ ವಿಡಿಯೊ ಮಾಡಿದರು. ಅದಕ್ಕೆ ಎರಡು ಪುಟದ ಒಂದು ಕಾಗದಕ್ಕೆ ಸಹಿ ಬೇಕಿತ್ತು. ಇಂಗ್ಲಿಷಿನಲ್ಲಿತ್ತು. ಮೊದಲ ಪುಟ ನಾನು ಓದಿದೆ. ಚಿತ್ರೀಕರಣಕ್ಕೆ ಒಪ್ಪಿಗೆ ಎಂದಿತ್ತು. ಎರಡನೆಯ ಪುಟದ ಮೇಲೆ ಕಣ್ಣಾಡಿಸಿ "ಮಾಡ್ರಿ ವೈನಿ, ಏನೂ ತ್ರಾಸಿಲ್ಲ" ಎಂದೆ. ಅವರು ಮಾಡಿದರು. ಇದು ಮೊದಲ ತಪ್ಪು, ನನ್ನದು.

ಇಂಥ ಗೇಮಿಗೆ ಹಣ ಕೂಡಿಸುವ ಬಗೆಯನ್ನು ಆಗ ನಾನೂ ಹೊಸದಾಗಿ ಕಲಿತೆ. ಬ್ಯಾಂಕಿನ ಬಾಗಿಲಿಗೆ ಹೋಗುವುದಿಲ್ಲ; ಒಂದು ಜಾಲತಾಣದಲ್ಲಿ ಪುಟ ತೆರೆದು, ಇಷ್ಟು ಮೊತ್ತ ಬೇಕು, ಇಂಥ ದಿನದೊಳಗೆ ಬೇಕು ಎಂದು ಸಾರುತ್ತಾರೆ. ಎಲ್ಲಿಯವರಾದರೂ ತಮ್ಮ ಕೈಲಾದಷ್ಟು ಕೊಡಬಹುದು. ಕೊಟ್ಟ ಮೊತ್ತಕ್ಕೆ ತಕ್ಕ ಕಾಣಿಕೆ: ಸ್ವಲ್ಪ ಕೊಟ್ಟವರಿಗೆ ಗೇಮು ಮುಗಿದ ಮೇಲೆ ಅದರ ಒಂದು ಪ್ರತಿ, ಹೆಚ್ಚು ಕೊಟ್ಟವರಿಗೆ ಪ್ರತಿಯ ಜೊತೆಗೆ ವೈನಿ ಬರೆದ ಗಿಳಿ. ಗುರಿ ಮುಟ್ಟದಿದ್ದರೆ ಎಲ್ಲರ ಹಣ ಎಲ್ಲರಿಗೂ ಮರಳುತ್ತದೆ. ಗುರಿ ಮುಟ್ಟಿದರೆ ಜಾಲತಾಣ ತನ್ನ ಪಾಲು ಹಿಡಿದು ಉಳಿದುದನ್ನು ಸ್ಟುಡಿಯೋಗೆ ಕೊಡುತ್ತದೆ. ಅಲ್ಲಿಂದ ಮುಂದೆ ಕೊಟ್ಟವರ ಕೈಯಲ್ಲಿ ಏನೂ ಉಳಿಯುವುದಿಲ್ಲ; ಅವರು ಗಿರಾಕಿಗಳಲ್ಲ, ಪಾಲುದಾರರೂ ಅಲ್ಲ, 'ಬೆಂಬಲಿಗರು'. ಕೆಲಸ ಮುಗಿಯುವ ದಿನಾಂಕ ಪುಟದ ಮೇಲೆ ಇರುತ್ತದೆ, ಆದರೆ ಅದು ಅಂದಾಜು. ಈ ಅಂದಾಜು ಎಂಬ ಮಾತನ್ನು ಅವರು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದರೆಂದರೆ ನಾನು ಕನ್ನಡಕ ತೆಗೆದು ಒರೆಸಿಕೊಂಡು ಓದಬೇಕಾಯಿತು.

ಕೊನೆಯ ವಾರ ಬಂದರೂ ಗುರಿ ದೂರವಿತ್ತು. ಸ್ಟುಡಿಯೋದ ಹುಡುಗಿ ಫೋನ್ ಮಾಡಿ ಅತ್ತಳು. "ನಮ್ಮ ಊರಿನ ಗಿಳಿಗೆ ನಮ್ಮ ಊರಿನವರೇ ನಿಲ್ಲದಿದ್ದರೆ ಹೇಗೆ?" ಎಂದು ನಾನೇ ವೈನಿಯನ್ನು ಎಬ್ಬಿಸಿಕೊಂಡು ಹೊರಟೆ. ಮಮದಾಪುರ, ವೈನಿಯ ತವರು ಕಲ್ಲೋಳಿ, ಅಲ್ಲಿಂದ ಮೂಡಲಗಿ. ಮರುದಿನ ಹುಕ್ಕೇರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಯಮಕನಮರಡಿ, ಅವರ ನಾದಿನಿಯ ಊರು. ವೈನಿಯ ಚೀಲದಲ್ಲಿ ಒಂದು ಗಿಳಿ, ನನ್ನ ಕೈಯಲ್ಲಿ ವಿಡಿಯೊ ತೋರಿಸಲು ಒಂದು ಫೋನು.

ಮೂಡಲಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಜೈನ ಮನೆತನದ ಹಿರಿಯರೊಬ್ಬರಿದ್ದಾರೆ. ನಮಗೆಲ್ಲ ಕಾಕಾ. ಮರಾಠಿಯಲ್ಲಿ ಗಿರಾಕಿಯನ್ನು ಕಳಿಸಿ, ಕನ್ನಡದಲ್ಲಿ ನಮ್ಮನ್ನು ಕರೆದು ಕೂರಿಸಿದರು. ವಿಡಿಯೊ ಪೂರ್ತಿ ನೋಡಿದರು. ಆಮೇಲೆ ಗಲ್ಲ ಕೆರೆದುಕೊಂಡು ಹೇಳಿದರು:

"ಅಂದ್ರ ಅಂಗಡಿ ಇನ್ನಾ ಕಟ್ಟಿಲ್ಲ, ಗಿರಾಕಿ ಮದ್ಲ ರೊಕ್ಕಾ ಕೊಟ್ಟು ಬಾಗಲಾ ಕಾಯಬೇಕು. ಇಂಥಾ ಧಂದೆ ನಮ್ಮಪ್ಪಗ ಯಾಕ ಹೊಳೀಲಿಲ್ಲೋ!"

"ಗಿರಾಕಿ ಅಲ್ಲರಿ ಕಾಕಾ, ಬೆಂಬಲ ಕೊಡಾವರು."

"ಇರಲಿ. ಖರೆ ಹೇಳ್ರಿ ಅಕ್ಕಾರ. ಆಟ ಆಗಲಿಲ್ಲಂದ್ರ?"

"ಗುರಿ ಮುಟ್ಟಲಿಲ್ಲಂದ್ರ ಎಲ್ಲಾರ ರೊಕ್ಕಾ ತಿರಗಿ ಬರತೈತ್ರಿ."

"ನಾ ಅದನ್ನ ಕೇಳಲಿಲ್ಲ. ಗುರಿ ಮುಟ್ಟತು, ಆಟ ಆಗಲಿಲ್ಲ. ಆವಾಗ?"

ಪುಟದ ನಿಯಮಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು, ನಾನು ಓದಿದ್ದೆ. "ಆಗತೈತ್ರಿ ಕಾಕಾ, ಹುಡುಗೂರು ಚೊಲೋ ಅದಾರ" ಎಂದೆ. ಕಾಕಾ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಒಳಗೆ ಹೆಂಡತಿಯನ್ನು ಕೂಗಿದರು.

ಇಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಡುವ ಪ್ರತಿಯೊಬ್ಬರೂ ಜಾಲತಾಣದಲ್ಲಿ ತಮ್ಮ ಹೆಸರು, ತಮ್ಮ ಫೋನ್ ನಂಬರು ಬರೆದು, ನಿಯಮಗಳನ್ನು ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಹಾಕಬೇಕು. ನಾನು ಫೋನು ಮುಂದೆ ಹಿಡಿದಾಗ ಕಾಕಾರ ಹೆಂಡತಿ ಕೈ ಹಿಂದಕ್ಕೆಳೆದುಕೊಂಡರು.

"ನಮ್ಮ ಹೆಸರ ಯಾಕರಿ? ಈ ಬಾಯಿ ಹೆಸರ ಬರೀರಿ. ನಾವೇನ ಯಾಪಾರ ಮಾಡಾಕತ್ತೇವೇನು? ಆಹೇರಿ ಮಾಡಾಕತ್ತೇವಿ" ಎಂದು ವೈನಿಯತ್ತ ಕೈ ತೋರಿದರು.

ನಮ್ಮ ಕಡೆ ಮದುವೆ, ಮನೆಶಾಂತಿ, ಕೂಸಿನ ತೊಟ್ಟಿಲು, ಏನೇ ಇದ್ದರೂ ಕರೆದ ಮನೆಗೆ ಬಟ್ಟೆಯೋ ಪಾತ್ರೆಯೋ ಒಯ್ದು ಕೊಡುವುದು ಆಹೇರಿ. ಕೊಡುವುದು ಮನೆಯವರ ಮುಖ ನೋಡಿ. ಕಾರ್ಯ ಏನೆಂಬುದು ಆಮೇಲೆ. ಪಡೆದವರು ಮುಂದೆ ಕೊಟ್ಟವರ ಮನೆಯ ಕಾರ್ಯದಲ್ಲಿ ಅದರ ಮುಯ್ಯಿ ತೀರಿಸಬೇಕು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೂ ಯಾರೂ ಮರೆಯುವುದಿಲ್ಲ. ಗೇಮ್ ಏನೆಂದು ಆ ಎರಡು ದಿನ ನಾವು ಹೋದ ನಲವತ್ತೆರಡು ಮನೆಗಳಲ್ಲಿ ಬಹಳ ಜನರಿಗೆ ತಿಳಿಯಲಿಲ್ಲ. ವೈನಿ ಬಾಗಿಲಿಗೆ ಬಂದಿದ್ದಾರೆ, ಅವರ ಗಿಳಿಯದು ಏನೋ ಕಾರ್ಯವಿದೆ ಎಂಬುದು ತಿಳಿಯಿತು. ಯಮಕನಮರಡಿಯಲ್ಲಿ ಟ್ರಕ್ಕು ಓಡಿಸುವವರೊಬ್ಬರ ತಾಯಿಯಂತೂ ಕೊಟ್ಟ ನೋಟಿನ ಮೇಲೆ ಕುಂಕುಮ ಹಚ್ಚಿದರು. ನಾನು ಎಲ್ಲವನ್ನೂ ಕೂಡಿಸಿ, ವೈನಿಯ ಫೋನ್ ನಂಬರಿನಿಂದ ಒಂದೇ ಖಾತೆ ತೆರೆದು, ಅವರ ಹೆಸರಿನಲ್ಲೇ ಎಲ್ಲ ಹಣ ಹಾಕಿದೆ. ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಹಾಕಿದ್ದೂ ನನ್ನ ಬೆರಳೇ.

ಕೊನೆಯ ದಿನ ಮಧ್ಯಾಹ್ನ ಗುರಿ ದಾಟಿತು. ಪುಟದ ಮೇಲೆ ಬೆಂಬಲಿಗರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ವೈನಿಯ ಹೆಸರು, ಪಕ್ಕದಲ್ಲಿ ಚಿನ್ನದ ಬಣ್ಣದ ಒಂದು ನಕ್ಷತ್ರ.

"ನೋಡ್ರಿ ವೈನಿ, ನಿಮ್ಮ ಆಟಕ್ಕ ನೀವ ಸಾಹುಕಾರ್ತಿ" ಎಂದೆ.

"ಹೌದ್ರಿ, ಕೈ ಮುಗೀರಿ ಹಂಗಾರ" ಎಂದು ನಕ್ಕರು. ಅವರು ಹಾಗೆ ಗಟ್ಟಿಯಾಗಿ ನಕ್ಕದ್ದು ನನಗೆ ಈಗಲೂ ಕೇಳುತ್ತದೆ.

ನಾವು ಆ ಎರಡು ದಿನ ಬಸ್ಸು ಹತ್ತದೇ ಇದ್ದಿದ್ದರೆ ಗುರಿ ತಪ್ಪುತ್ತಿತ್ತು. ಗುರಿ ತಪ್ಪಿದ್ದರೆ ಎಲ್ಲರ ಹಣವೂ ನಿಯಮದಂತೆ ಮರಳುತ್ತಿತ್ತು. ಮರಳಬಹುದಾಗಿದ್ದ ಹಣವನ್ನು ಮರಳದಂತೆ ಮಾಡಿದ್ದು ನಮ್ಮ ಆ ಓಡಾಟ. ಇದನ್ನು ಯೋಚಿಸುತ್ತ ನಾನು ಅದೆಷ್ಟೋ ಸಲ ಅದೇ ಬಸ್ಸಿನಲ್ಲಿ ಕುಳಿತಿದ್ದೇನೆ.

ಮೊದಲ ಕೆಲವು ತಿಂಗಳು ಪುಟದ ಮೇಲೆ ಸುದ್ದಿಗಳು ತಪ್ಪದೆ ಬರುತ್ತಿದ್ದವು: ಗಿಳಿ ಹಾರುವ ಚಿತ್ರ, ಸೇತುವೆಯ ಚಿತ್ರ, ಸ್ಟುಡಿಯೋದವರ ನಗುಮುಖ. ನಂತರ, ಇಬ್ಬರು ಒಟ್ಟಿಗೆ ಆಡುವ ಸೌಕರ್ಯವನ್ನೂ ಸೇರಿಸುತ್ತೇವೆ ಎಂದರು. ಆಮೇಲೆ, ಈವರೆಗೆ ಕಟ್ಟಿದ್ದನ್ನು ಬಿಚ್ಚಿ ಬೇರೆ ತಂತ್ರಾಂಶದಲ್ಲಿ ಮೊದಲಿನಿಂದ ಕಟ್ಟುತ್ತೇವೆ ಎಂದರು. ಸುದ್ದಿಗಳ ನಡುವಿನ ಅಂತರ ಬೆಳೆಯಿತು. ಬೆಂಬಲಿಗರಿಗೆ ಕೊಟ್ಟ ಮಾತನ್ನು ನಡೆಸುವ ಮುನ್ನ ಹೊಸ ಮಾತು ಕೊಡುವುದು ತಪ್ಪು. ಹಣ ತೀರುತ್ತಿದೆ ಎಂಬುದನ್ನು ಮುಚ್ಚಿಟ್ಟು ಬಣ್ಣದ ಚಿತ್ರ ಹಾಕುತ್ತ ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. ಒಂದು ದಿನ ಎರಡೇ ಸಾಲು ಬಂದವು: ಯೋಜನೆಗೆ ತಾತ್ಕಾಲಿಕ ವಿರಾಮ, ತಮ್ಮ ತಾಳ್ಮೆಗೆ ಧನ್ಯವಾದ.

ಕಾಣಿಕೆಯ ಗಿಳಿಗಳನ್ನು ವೈನಿ ಅಷ್ಟರಲ್ಲಿ ಬರೆದು ಮುಗಿಸಿದ್ದರು. ಮರಕ್ಕೆ, ಬಣ್ಣಕ್ಕೆ ಆಗುವಷ್ಟು ಮುಂಗಡ ಬಂದಿತ್ತು, ಕೂಲಿ ಬರಬೇಕಿತ್ತು. ಒಯ್ಯಲು ಯಾರೂ ಬರಲಿಲ್ಲ. ಮೂರು ಗೋಣಿಚೀಲ ತುಂಬ ಗಿಳಿಗಳು ಅವರ ಅಟ್ಟದ ಮೇಲೆ ಕುಳಿತವು, ಎಲ್ಲವೂ ಹಿಂದೆ ನೋಡುತ್ತ.

ವೈನಿಯ ಹೆಸರಿನಲ್ಲಿ ನಾನು ಜಾಲತಾಣಕ್ಕೆ ಬರೆದೆ, ಆರು ಸಲ. ಐದನೆಯದಕ್ಕೆ ಉತ್ತರ ಬಂದಿತು. ಅದು ವೈನಿಯನ್ನು 'ಮಾನ್ಯ ಬೆಂಬಲಿಗರೇ' ಎಂದು ಸಂಬೋಧಿಸಿತ್ತು. ತಾವು ಕೇವಲ ನಡುವಿನ ಕೊಂಡಿ ಎಂದೂ, ಯೋಜನೆ ಪೂರ್ಣಗೊಳ್ಳದೇ ಇರಬಹುದೆಂಬ ಅಪಾಯವನ್ನು ಬೆಂಬಲಿಗರು ಮೊದಲೇ ಒಪ್ಪಿರುತ್ತಾರೆಂದೂ, ದೊಡ್ಡ ಮೊತ್ತ ಹಾಕುವಾಗ ವಿವೇಚನೆ ಅಗತ್ಯವೆಂದೂ ಅದರಲ್ಲಿತ್ತು. ಅವರ ಲೆಕ್ಕದಲ್ಲಿ ವೈನಿ ಕೈ ಸುಟ್ಟುಕೊಂಡ ಒಬ್ಬ ಶ್ರೀಮಂತ ಆಟಪ್ರಿಯೆ. ನಲವತ್ತೆರಡು ಮನೆಗಳ ಪಾಲಿಗೆ ಅವರು ಆಹೇರಿ ಪಡೆದವರು. ಎರಡೂ ಕಡೆ ನಿಂತದ್ದು ಅವರ ಹೆಸರೇ, ಮತ್ತು ಎರಡೂ ಕಡೆ ಅದನ್ನು ನಿಲ್ಲಿಸಿದವಳು ನಾನೇ.

ಕಾಕಾ ಆಗಲಿ, ಕುಂಕುಮ ಹಚ್ಚಿ ಕೊಟ್ಟ ಯಮಕನಮರಡಿಯ ತಾಯಿಯಾಗಲಿ ಒಂದು ಮಾತೂ ಕೇಳಲಿಲ್ಲ. ಆಹೇರಿಯನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ವೈನಿಗೆ ಸುಲಭವಾಗುತ್ತಿತ್ತೋ ಏನೋ. ಒಂದು ಮುಂಜಾನೆ ಅವರೇ ಅಟ್ಟ ಹತ್ತಿ ಗೋಣಿಚೀಲ ಇಳಿಸಿದರು.

"ಮುಯ್ಯಿ ತೀರಸ್ತೇನ್ರಿ. ಯಾರ ಮನ್ಯಾಗ ಕಾರ್ಯೆ ಆಗತೈತೊ ಅವರಿಗೆ ಒಂದೊಂದ ಜೋಡಿ ಗಿಳಿ."

"ವೈನಿ, ನೀವ್ಯಾಕ? ನಿಮಗ ಒಂದ ರೂಪಾಯಿ ಕೂಲಿನೂ ಬಂದಿಲ್ಲ."

"ಅವರ ಕೊಟ್ಟಿದ್ದು ಯಾರಿಗ್ರಿ? ನನಗ ಹೌದಲ್ಲ? ಮತ್ತ!"

ಈ ವಾದಕ್ಕೆ ಕಾನೂನಿನಲ್ಲಿ ಉತ್ತರವಿತ್ತು. ಅದನ್ನು ಬದಿಗಿಟ್ಟು ನಾನೂ ಒಂದು ಗೋಣಿಚೀಲದ ಬಾಯಿ ಬಿಚ್ಚಲು ಕುಳಿತೆ. ಒಂದೂವರೆ ವರ್ಷದಲ್ಲಿ ಅವರು ಮೂವತ್ತೊಂದು ಮನೆಗಳ ಮದುವೆ, ಮನೆಶಾಂತಿ, ತೊಟ್ಟಿಲುಗಳಿಗೆ ಹೋಗಿ ಬಂದರು, ಪ್ರತಿಸಲ ತಮ್ಮ ಬಸ್ಸಿನ ಟಿಕೆಟ್ ತಾವೇ ತೆಗೆದು. ಗಿಳಿಗಳು ಚೆನ್ನಾಗಿ ಕಂಡವು. ನೋಡಿದವರು ತಮಗೂ ಬೇಕೆಂದರು, ಕೊಳ್ಳುವವರು ಹುಟ್ಟಿದರು. ಹೊಸ ಗಿಳಿಗಳಿಗೆ ಮರ ತರಿಸಿದರು. ಆ ಕೆಲವು ತಿಂಗಳು, ಇದೆಲ್ಲ ಹೇಗೋ ನೇರಾಯಿತೆಂದು ನಾನೂ ನಂಬಿದೆ.

ಕಲ್ಲೋಳಿಯ ಮದುವೆಯೊಂದರಲ್ಲಿ ಯಾರೋ ಮದುಮಕ್ಕಳ ಕೈಯಲ್ಲಿದ್ದ ಗಿಳಿಜೋಡಿಯ ಫೋಟೊ ತೆಗೆದು ಹಂಚಿದರು. ಎರಡು ವಾರದ ನಂತರ ವೈನಿಯ ಫೋನಿಗೆ ಇಂಗ್ಲಿಷಿನ ಒಂದು ಪತ್ರ ಬಂದಿತು. ಸ್ಟುಡಿಯೋ ಮುಚ್ಚುವಾಗ ಅಲ್ಲಿಯ ಚಿತ್ರಗಳನ್ನೂ ಪಾತ್ರಗಳನ್ನೂ ಇನ್ನೊಂದು ಕಂಪನಿಗೆ ಮಾರಿದ್ದರು. ಪತ್ರ ಆ ಕಂಪನಿಯದು. ವೈನಿ ಸೀತಾಫಲಕ್ಕೆ ಹಸಿರು ಹಚ್ಚುತ್ತ ಕುಳಿತಿದ್ದರು. ನಾನು ಓದಿ ಹೇಳಬೇಕಾಯಿತು.

"ಏನಂತಾರ್ರಿ?"

"ಆ ಗಿಳಿ ತಮ್ಮದಂತ. ಇನ್ನ ಬರೀಬಾರದು, ಮಾರಬಾರದು, ಯಾರಿಗೂ ಕೊಡಬಾರದಂತ."

"ಯಾವ ಗಿಳಿ?"

"ಹಿಂದ ನೋಡೋ ಗಿಳಿ."

"ಅದು ನಮ್ಮತ್ತಿದರಿ."

"ಅಲ್ಲಂತ, ವೈನಿ."

ಅವರು ಕುಂಚವನ್ನು ನೀರಿನಲ್ಲಿ ಅದ್ದಿ, ನಿಧಾನವಾಗಿ ಒರೆಸಿದರು. "ನಮ್ಮತ್ತಿ ಅವರಿಗೆ ಯಾವಾಗ ಕೊಟ್ಟಳ್ರಿ? ನನಗ ಕೊಡಾಕ ಎರಡ ವರ್ಷ ಮಾಡಿದಾಕಿ."

ಆಗ ನಾನು, ಪತ್ರದಲ್ಲಿ ಎತ್ತಿ ತೋರಿಸಿದ್ದ ಹಳೆಯ ಕಾಗದದ ಎರಡನೆಯ ಪುಟದ ವಿಷಯ ಹೇಳಿದೆ. ಅಲ್ಲಿ ಚಿತ್ರೀಕರಿಸಿದ ಎಲ್ಲ ಆಕೃತಿಗಳ ಹಕ್ಕು ಸ್ಟುಡಿಯೋಗೆ ಸೇರುತ್ತದೆಂದು ಬರೆದಿತ್ತು. "ನಾ ಮಾಡ್ರಿ ಅಂದದ್ದಕ್ಕ ನೀವು ಸಹಿ ಮಾಡಿದ್ರಿ" ಎಂದೆ.

"ಹೌದ್ರಿ. ನೀವು ಹೇಳಿದ್ರಿ" ಎಂದರು. ಒಳಗೆ ಹೋಗಿ ನನಗೆ ಚಹಾ ತಂದರು. ಬೈದಿದ್ದರೆ ಆ ಚಹಾ ನಾನು ಕುಡಿದು ಮುಗಿಸುತ್ತಿದ್ದೆ.

ಓದಲು ಬಾರದ ಭಾಷೆಯಲ್ಲಿ ಸಹಿ ಪಡೆದದ್ದು ತಪ್ಪು. ಒಂದು ಮನೆಯ ಕೈಗೆಲಸವನ್ನು ಚಿತ್ರೀಕರಿಸಿದ ಮಾತ್ರಕ್ಕೆ ತಮ್ಮದೆಂದು ಬರೆದುಕೊಂಡದ್ದು ತಪ್ಪು. ಮುಗಿಯದ ಕೆಲಸದ ಸಾಮಾನೆಂದು ಅದನ್ನು ಮಾರಿದ್ದು ತಪ್ಪು, ಎಲ್ಲಿಂದ ಬಂತೆಂದು ಕೇಳದೆ ಕೊಂಡದ್ದೂ ತಪ್ಪು. ವಕೀಲರೊಬ್ಬರು ಕಾಗದ ನೋಡಿ, ನ್ಯಾಯಾಲಯದಲ್ಲಿ ಇದು ನಿಲ್ಲಲಿಕ್ಕಿಲ್ಲ ಎಂದರು. ಆದರೆ ಅಲ್ಲಿಯವರೆಗೆ ಬರೆಯದಿರುವುದೇ ಕ್ಷೇಮ ಎಂದೂ ಸೇರಿಸಿದರು. ನಿಲ್ಲದ ಕಾಗದವೊಂದು ಕುಂಚವನ್ನು ನಿಲ್ಲಿಸಿದೆ. ವೈನಿ ಈಗ ಹಣ್ಣುಗಳನ್ನಷ್ಟೇ ಬರೆಯುತ್ತಾರೆ. ಮೊನ್ನೆ ಒಂದು ಹಳೆಯ ಮರದ ತುಂಡಿನ ಮೇಲೆ ಕಣ್ಣಿನ ಗೆರೆ ಎಳೆದು ನೋಡಿದರಂತೆ. ನಡುವೆ ಕುಂಚ ಮೇಲೆದ್ದಿತಂತೆ.

ಕಳೆದ ತಿಂಗಳು ಮೂಡಲಗಿಯ ಕಾಕಾರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು. ಕರೆ ಬಂದಿತ್ತು, ಹೋಗದಿರುವಂತಿಲ್ಲ. ವೈನಿ ಚೀಲದಿಂದ ಒಂದು ಜೋಡಿ ಗಿಳಿ ತೆಗೆದು ತೊಟ್ಟಿಲ ಪಕ್ಕ ಇಟ್ಟರು. ಎರಡೂ ಬೆಳ್ಳಗಿದ್ದವು, ಬಿಳಿ ಮಣ್ಣು ಬಳಿದದ್ದಷ್ಟೇ, ಕಣ್ಣಿಲ್ಲ, ರೆಕ್ಕೆಯ ಗೆರೆಯಿಲ್ಲ.

ಕಾಕಾ ಒಂದನ್ನು ಎತ್ತಿ ಹಿಡಿದರು. "ಏನವಾ ತಂಗಿ, ಬಣ್ಣ ತುಟ್ಟಿ ಆತೇನ?"

"ಬಣ್ಣ ಐತ್ರಿ ಕಾಕಾ. ಬರಿಯೋ ಹಕ್ಕ ಆಟದ ಕಂಪನಿಯವರ ಕಡೆ ಐತಂತ್ರಿ."

ಸುತ್ತಲಿನವರು ಚೇಷ್ಟೆಯೆಂದು ನಕ್ಕರು. ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿ, ಮೂರು ವರ್ಷದ ಹಿಂದೆ ಅಂಗಡಿಯಲ್ಲಿ ನೋಡಿದಂತೆಯೇ ನೋಡಿ, ಮೆತ್ತಗೆ ಕೇಳಿದರು: "ಆವಾಗ? ಅಂತ ಕೇಳಿದ್ದೆ ನಾ. ನೆನಪೈತೇನ್ರಿ ಅಕ್ಕಾರ?"

ನೆನಪಿದೆ. ಇನ್ನು ಹತ್ತು ಮನೆಗಳು ಉಳಿದಿವೆ. ಯಮಕನಮರಡಿಯ ತಾಯಿಯ ಮಗಳ ಮದುವೆ ತುಳಸಿ ಲಗ್ನ ಮುಗಿದ ಮರುವಾರಕ್ಕೆ ಗೊತ್ತಾಗಿದೆ. ಕುಂಕುಮ ಹಚ್ಚಿ ಕೊಟ್ಟವರ ಮನೆಗೆ ಕಣ್ಣಿಲ್ಲದ ಗಿಳಿ ಒಯ್ಯಲಾರೆ ಎಂದು ವೈನಿ ಹೇಳಿದ್ದಾರೆ. ಬರಿಗೈಯಲ್ಲಿ ಹೋಗಲಾರೆ ಎಂದೂ ಹೇಳಿದ್ದಾರೆ.

ಆದ್ದರಿಂದ ಸ್ಟುಡಿಯೋ ನಡೆಸಿದ ಮೂವರಿಗೆ, ಅದರ ಚಿತ್ರಗಳನ್ನು ಕೊಂಡ ಕಂಪನಿಗೆ ನಾನು ಕೇಳುವುದು ಇಷ್ಟು. ತುಳಸಿ ಲಗ್ನದ ಮುನ್ನ ಒಂದೇ ಪುಟದ ಪತ್ರ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಕತ್ತು ಹೊರಳಿಸಿ ಹಿಂದೆ ನೋಡುವ ಗಿಳಿ ಗೋಕಾಕದ ಆ ಮನೆಯದು, ಅದನ್ನು ಬರೆಯಲು, ಮಾರಲು, ಕೊಡಲು ಆ ಹೆಣ್ಣುಮಗಳು ಯಾರ ಅನುಮತಿಯನ್ನೂ ಕೇಳಬೇಕಿಲ್ಲ ಎಂದು ಬರೆದು, ನೀವು ನಾಲ್ವರೂ ಸಹಿ ಮಾಡಿ. ಜಾಲತಾಣದವರಿಗೆ: ಆ ಪುಟದ ಬೆಂಬಲಿಗರ ಪಟ್ಟಿಯಿಂದ ಅವರ ಹೆಸರನ್ನೂ ಆ ನಕ್ಷತ್ರವನ್ನೂ ತೆಗೆದು, ಅಲ್ಲಿ ನಲವತ್ತೆರಡು ಮನೆಗಳೆಂದು ಬರೆಯಿರಿ, ನೀವು ಮುರಿದುಕೊಂಡ ಪಾಲನ್ನು ಆ ಮನೆಗಳಿಗೆ ಮರಳಿಸಿ. ಪತ್ರವನ್ನು ಈ ಸಲ ನಾನು ಎರಡೂ ಬದಿ ಓದುತ್ತೇನೆ, ವೈನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ಸರಿ ಎಂದ ಮೇಲಷ್ಟೇ ಸ್ವೀಕರಿಸುತ್ತೇವೆ.